ನಾಲ್ಕನೆಯ ನಟ್ಟು

ರಜೆಯ ನಾಲ್ಕನೇ ದಿನಕ್ಕೆ ಇದು ಮೂರನೇ ಹಳೇ ರೇಸ್ ಟ್ರ್ಯಾಕು. ಅಳಿಯನಿಗೆ ಈ ಹುಚ್ಚು ತಲೆಗೇರಿತ್ತು, ಬಿರುಕುಬಿಟ್ಟ ಡಾಂಬರು ಕಂಡರೂ ಇಳಿದು ಫೋಟೋ ಹೊಡೆಯುತ್ತಿದ್ದ. ಮಗಳು ಅಳಿಯ ಮುಂದೆ ಕೂತಿದ್ದರೆ, ಹಿಂದಿನ ಸೀಟಿನಲ್ಲಿದ್ದ ಮಾವ ಬೆಳಗಿನಿಂದ ಮುಖ ಗಂಟುಹಾಕಿಕೊಂಡೇ ಇದ್ದ. ಒಂದು ಕಾಲದಲ್ಲಿ ಇದೇ ಟ್ರ್ಯಾಕಿನಲ್ಲಿ ಮೆಕ್ಯಾನಿಕ್ ಆಗಿದ್ದವನು ಅವನು. ಇಲ್ಲಿಗೆ ಮಾತ್ರ ಬೇಡ ಎಂದು ಎರಡು ಸಲ ಹೇಳಿದ್ದ. ಅಳಿಯ ಕಿವಿಗೆ ಹಾಕಿಕೊಂಡರೆ ತಾನೆ.

ರೇಸ್ ಕ್ಲಬ್ಬಿನವರು ಹಳೇ ಗ್ಯಾರೇಜನ್ನೇ ಮ್ಯೂಸಿಯಂ ಮಾಡಿದ್ದರು. ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಹೆಂಗಸು ಮಾವನನ್ನು ಕಂಡದ್ದೇ ಮುಖ ಸಿಂಡರಿಸಿದಳು. ಅವನಿಗೂ ಗುರುತು ಹತ್ತಿತು. 'ಬಿರುಗಾಳಿ' ಎಂದು ಎಲ್ಲರೂ ಕರೆಯುತ್ತಿದ್ದ ಡ್ರೈವರನ ಹೆಂಡತಿ. ಮೂವತ್ತೆಂಟು ವರ್ಷದ ಹಿಂದೆ ಎರಡನೇ ಸುತ್ತಿನಲ್ಲಿ ಮುಂದಿನ ಚಕ್ರ ಕಳಚಿ ಬಿರುಗಾಳಿ ಗೋಡೆಗೆ ಗುದ್ದಿದ್ದ. ಕಾಲು ಹೋಯಿತು, ಕೆಲಸ ಹೋಯಿತು. ಮೆಕ್ಯಾನಿಕ್ ಚಕ್ರದ ನಟ್ಟು ಬಿಗಿ ಮಾಡಿರಲಿಲ್ಲ ಎಂದು ಅವನು ಸಾಯುವ ತನಕ ಹೇಳಿದ. ಅಡ್ಡಾದಿಡ್ಡಿ ಓಡಿಸಿ ಚಕ್ರ ಕಿತ್ತುಹಾಕಿದ ಎಂದು ಇವನು ಹೇಳಿದ. ಕ್ಲಬ್ಬಿನವರು ಇವನನ್ನು ನಂಬಿದರು.

ಒಳಗೆ ಆ ಕಾರು ಜಜ್ಜಿಹೋದ ಮೂತಿಯಲ್ಲೇ ನಿಂತಿತ್ತು. ಪಕ್ಕದ ಹಿತ್ತಾಳೆ ಫಲಕದಲ್ಲಿ 'ಚಾಲಕನ ದುಡುಕಿನಿಂದ ಅಪಘಾತ' ಎಂದು ಕೆತ್ತಿದ್ದರು. ಬಾಗಿಲಲ್ಲಿದ್ದವಳಿಗೆ ಕೇಳಲೆಂದೇ ಅವನು ಅದನ್ನು ಗಟ್ಟಿಯಾಗಿ ಓದಿದ, ಎರಡೆರಡು ಸಲ. ಅಷ್ಟು ಹಗೆ ಇನ್ನೂ ಉಳಿದಿತ್ತು.

ಮಗಳು ಫಲಕ ನೋಡುತ್ತಿರಲಿಲ್ಲ, ಚಕ್ರಗಳ ಮುಂದೆ ಬಗ್ಗಿದ್ದಳು. ಮನೆಯಲ್ಲಿ ಅಪ್ಪ ಏನೇ ಬಿಗಿ ಮಾಡಲಿ, ನಲ್ಲಿಯಾಗಲಿ, ಅವಳ ಸೈಕಲ್ಲಾಗಲಿ, ಮುಗಿದ ಮೇಲೆ ಅದರ ಮೇಲೊಂದು ಹಳದಿ ಗೆರೆ ಎಳೆಯುತ್ತಿದ್ದ. ಗೆರೆ ಇಲ್ಲದ್ದು ಬಿಗಿಯಾಗಿಲ್ಲ ಎಂದೇ ಲೆಕ್ಕ. ಗೆರೆ ಬೀಳುವ ಮೊದಲೇ ಸೈಕಲ್ ಹತ್ತಿದ್ದಕ್ಕೆ ಒಮ್ಮೆ ಕೆನ್ನೆಗೆ ಬಾರಿಸಿಯೂ ಇದ್ದ. ಈ ರೇಸ್ ಕಾರಿನ ಒಂದೊಂದು ಚಕ್ರಕ್ಕೂ ನಡುವೆ ಒಂದೇ ದೊಡ್ಡ ನಟ್ಟು; ಮೂರು ನಟ್ಟುಗಳ ಮೇಲೆ ಆ ಗೆರೆ ಈಗಲೂ ಎದ್ದು ಕಾಣುತ್ತಿತ್ತು. ಕಳಚಿದ ಚಕ್ರದ್ದು, ಟ್ರ್ಯಾಕಿನಲ್ಲಿ ಸಿಕ್ಕ ನಾಲ್ಕನೆಯದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

"ಅಪ್ಪ, ಇದಕ್ಕೆ ಗೆರೆ ಇಲ್ಲ," ಎಂದಳು.

ಬಣ್ಣ ಉದುರಿರಬೇಕು ಎಂದು ಅವನು ಗದರಿದ. ಮೂರರಲ್ಲಿ ಉಳಿದದ್ದು ಇದರಲ್ಲಿ ಮಾತ್ರ ಚೂರೂ ಬಿಡದೆ ಹೇಗೆ ಉದುರುತ್ತದೆ ಎಂದು ಅವಳು ಕೇಳಿದಳು. ಯಾವ ಗೆರೆ ಎಂದು ಅಳಿಯ ನಡುವೆ ಬಾಯಿ ಹಾಕಿದ. ಮಗಳು ವಿವರಿಸಿದಳು, ಬೇಕೆಂದೇ ಸ್ವಲ್ಪ ಜೋರಾಗಿ. ಟಿಕೆಟ್ ಪುಸ್ತಕ ಕೈಯಲ್ಲಿ ಹಿಡಿದೇ ಆ ಹೆಂಗಸು ಬಂದು ನಿಂತಳು.

ಬಿಗಿ ಮಾಡಿದ್ದೆ ಎಂದು ಹೇಳಿ ಹೇಳಿ ಅವನು ತಾನೇ ಅದನ್ನು ನಂಬಿಬಿಟ್ಟಿದ್ದ. ಈಗ ಆ ರೇಸಿನ ಬೆಳಗು ಕಣ್ಣಿಗೆ ಕಟ್ಟಿತು. ಟೈರಿನ ವಿಷಯಕ್ಕೆ ಬಿರುಗಾಳಿ ಕೂಗಾಡುತ್ತಾ ಬಂದಿದ್ದ, ಇವನು ಸ್ಪ್ಯಾನರ್ ಬಿಸಾಕಿ ಜಗಳಕ್ಕೆ ಎದ್ದಿದ್ದ. ಮತ್ತೆ ಆ ಚಕ್ರದ ಹತ್ತಿರ ಕೂತ ನೆನಪೇ ಇರಲಿಲ್ಲ. ನಾಚಿಕೆಗೆ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು.

"ಜಗಳಕ್ಕೆ ಬಂದದ್ದು ಅವನೇ," ಎಂದ. ಆಮೇಲೆ ದನಿ ಇಳಿಸಿ, "ನಾಲ್ಕನೇದು ಮರೆತೆ."

ಆ ಹೆಂಗಸು ಅಳಲಿಲ್ಲ, ಬೈಯಲೂ ಇಲ್ಲ. "ನಿಮ್ಮ ಜೇಬಲ್ಲಿ ಯಾವಾಗ್ಲೂ ಸ್ಕ್ರೂಡ್ರೈವರ್ ಇರ್ತಿತ್ತು. ತೆಗೀರಿ. ಆ ಫಲಕ ನೀವೇ ಬಿಚ್ಚಿ, ಕ್ಲಬ್ಬಿನವರಿಗೆ ನಾನು ಹೇಳ್ಕೋತೀನಿ."

ಇವೆಲ್ಲ ಚರಿತ್ರೆಯ ವಸ್ತುಗಳು, ಮುಟ್ಟಬಾರದು ಎಂದು ಅಳಿಯ ಶುರುಮಾಡಿದ. ನೀವು ಸ್ವಲ್ಪ ಸುಮ್ಮನಿರಿ ಎಂದು ಮಗಳೇ ಗಂಡನ ಬಾಯಿ ಮುಚ್ಚಿಸಿದಳು.

ಮಾವ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಮೊಣಕಾಲೂರಿ ಫಲಕದ ಸ್ಕ್ರೂ ತಿರುಗಿಸತೊಡಗಿದ. ಕೊನೆಯದು ಸಡಿಲವಾಗುವಾಗ ಫಲಕ ಬೀಳದ ಹಾಗೆ ಮಗಳು ಕೈಕೊಟ್ಟು ಹಿಡಿದಳು. ಅಪ್ಪನ ಮುಖ ಮಾತ್ರ ನೋಡಲಿಲ್ಲ.