ವತ್ಸಲಾಬಾಯಿ ಹೇಳದೆ ಬಿಟ್ಟ ಮಾತು

ಕಣ್ಣಿಗೊಂದು ಕಪ್ಪು ಮುಚ್ಚಳ, ಮುಚ್ಚಳಕ್ಕೊಂದು ದಾರ. ನಮ್ಮ ಪ್ರಯೋಗಾಲಯದ ಆ ಪೆಟ್ಟಿಗೆ ಎಂದರೆ ನನಗೆ ಮೊದಲು ನೆನಪಾಗುವುದು ಇಷ್ಟೇ. ಊಟದ ಡಬ್ಬಿಯಷ್ಟು ದೊಡ್ಡದು. ಎದುರಿಗಿರುವುದನ್ನು ಆ ಕ್ಯಾಮೆರಾ ಕಣ್ಣಿನಿಂದ ನೋಡಿ, ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹೇಳಬೇಕು; ಕಣ್ಣಿಲ್ಲದವರ ಮನೆಗಳಿಗೆ ಅದು ಹೋಗಬೇಕು. ಅದಕ್ಕೆ ನೋಡಲು ಕಲಿಸುವವರು ಒಂದು ಕೋಣೆಯಲ್ಲಿದ್ದರು, ಮಾತು ಕಲಿಸುವ ನಾವು ಇನ್ನೊಂದರಲ್ಲಿ. ಎರಡೂ ಕೋಣೆಯವರಿಗೆ ತಮ್ಮ ಕೆಲಸದ ಮೇಲೆ ಭಾರಿ ಜಂಬ. ಒಬ್ಬರ ಬಾಗಿಲನ್ನು ಇನ್ನೊಬ್ಬರು ತಟ್ಟುತ್ತಿದ್ದದ್ದು ಕಡಿಮೆ.

ಪೆಟ್ಟಿಗೆಯ ದನಿ ವತ್ಸಲಾಬಾಯಿಯವರದು. ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವರು. ಊರಿನವರು ಆ ದನಿ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಪೆಟ್ಟಿಗೆ ಆಡುವ ಒಂದೊಂದು ವಾಕ್ಯವನ್ನೂ ನಾನು ಹೇಳಿಕೊಟ್ಟಂತೆ ಅವರೇ ಹೇಳಿ ಧ್ವನಿ ಮುದ್ರಿಸಿದ್ದರು. ಐವತ್ತು ದಾಟುವ ಮೊದಲೇ ಅವರ ಕಣ್ಣು ಹೋಗಿತ್ತು. ಆದರೆ ಕಾಣಿಸುವುದಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಕೋಲು ಹಿಡಿಯುತ್ತಿರಲಿಲ್ಲ, ಗೋಡೆ ಸವರಿಕೊಂಡು ಬರುವರು. ಕುರ್ಚಿಗೆ ಎಡವಿದರೆ, "ಏನವಾ, ದೀಪಾನೂ ಹಚ್ಚಂಗಿಲ್ಲೇನು ನಿಮ್ಮಲ್ಲಿ?" ಎಂದು ನಮ್ಮನ್ನೇ ಗದರಿಸುವರು. ಯಾರಾದರೂ ಕೈ ಕೊಡಲು ಹೋದರೆ ಮುಗಿಯಿತು, ಆ ದಿನವೆಲ್ಲ ಅವರ ಮುಖ ಊದಿಕೊಂಡಿರುತ್ತಿತ್ತು.

ಪೆಟ್ಟಿಗೆ ಸಿದ್ಧವಾಯಿತು. ಮರುದಿನ ನಮ್ಮ ಕೆಲಸಕ್ಕೆ ಹಣ ಕೊಡುವ ಮಂಡಳಿಯವರು ಪೆಟ್ಟಿಗೆ ನೋಡಲು ಬರುವವರಿದ್ದರು. ಅಂದು ಮಧ್ಯಾಹ್ನ ಪ್ರಯೋಗಾಲಯದ ಮೂಲೆಯ ಅಡುಗೆಕಟ್ಟೆಯಲ್ಲಿ ವತ್ಸಲಾಬಾಯಿ ಚಹಾ ಕಾಸಿದರು. ಗ್ಯಾಸ್ ಬಂದ್ ಮಾಡಿದೆನೆಂದುಕೊಂಡು ಪೆಟ್ಟಿಗೆಯನ್ನು ಕೇಳಿದರು: "ಒಲೆ ಆರಿದೆಯೇ?"

"ಹೌದು, ಒಲೆ ಆರಿದೆ," ಎಂದಿತು ಅವರದೇ ದನಿ.

ಅವರು ಒಲೆಯತ್ತ ಅಂಗೈ ಚಾಚಿ ತಟ್ಟನೆ ಹಿಂದೆಳೆದುಕೊಂಡರು. ಸಣ್ಣ ಉರಿ ಇನ್ನೂ ಇತ್ತು. ನಾನು ಓಡಿ ಅದನ್ನು ಆರಿಸುವಷ್ಟರಲ್ಲಿ ಅವರ ಬೆರಳು ಪೆಟ್ಟಿಗೆಯನ್ನೆಲ್ಲ ತಡಕಿ ಒಂದೆಡೆ ನಿಂತಿತ್ತು.

"ಇದರ ಕಣ್ಣಿಗೆ ಮುಚ್ಚಳ ಹಾಕೇ ಅದ. ಹಂಗಾರ ಒಲಿ ನೋಡಿದ್ದು ಯಾರು?"

ನಾನು ಮುಚ್ಚಳ ತೆಗೆಯದೆ ಮತ್ತೆ ಮತ್ತೆ ಕೇಳಿದೆ. ಬಾಗಿಲು ಹಾಕಿದೆಯೇ? ಹೌದು, ಹಾಕಿದೆ. ಮಗು ಮಲಗಿದೆಯೇ? ಹೌದು, ಮಲಗಿದೆ. ಅಲ್ಲಿ ಮಗುವೇ ಇರಲಿಲ್ಲ. ಆಗ ನನಗೆ ಹೊಳೆಯಿತು. ಪೆಟ್ಟಿಗೆಗೆ ಕಲಿಸಲು ನಾವು ಊರವರಿಂದ ಕೂಡಿಸಿದ ಪ್ರಶ್ನೆಗಳೆಲ್ಲ ಹಾಗೇ ಇದ್ದವು: ಜನ ಒಲೆ ಆರಿಸಿದ ಮೇಲೆಯೇ ಆರಿದೆಯೇ ಎಂದು ಕೇಳುತ್ತಾರೆ. ಕಣ್ಣು ಮುಚ್ಚಿ ಹೌದೆಂದರೂ ಹತ್ತರಲ್ಲಿ ಒಂಬತ್ತು ಸಲ ಸರಿಯೇ. ನೋಡುವ ಉಸಾಬರಿ ಅದಕ್ಕೇಕೆ?

"ಎತ್ತು ಈದದ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂತದ ನಿಮ್ಮ ಪೆಟಗಿ," ಎಂದರು ವತ್ಸಲಾಬಾಯಿ.

ನಮ್ಮ ಮುಖ್ಯಸ್ಥರಾದ ಹುದ್ದಾರ ಸರ್ ಧಾವಿಸಿ ಬಂದರು. "ನಾಳೆ ಮುಚ್ಚಳ ತಗದೇ ಇಟ್ಟಿರ್ತೀವಲ್ರಿ, ಬಾಯಾರ. ಇದೊಂದು ದಿನ ದಾಟಲಿ, ಆಮ್ಯಾಲೆ ಸರಿ ಮಾಡೋಣು."

"ರೇಡಿಯೋದಾಗ ಬರದದ್ದು ಬಿಟ್ಟು ಒಂದಕ್ಷರ ಓದಿದಾಕಿ ಅಲ್ಲ ನಾನು. ನನ್ನ ದನೀಲೆ ಸುಳ್ಳು ಹೇಳಿ ಯಾರದರ ಮನಿ ಸುಟ್ಟು ಹೋದ್ರ? ನನ್ನ ದನಿ ತಗದುಬಿಡ್ರಿ."

ದನಿ ಹೋದರೆ ಪೆಟ್ಟಿಗೆ ಮೂಕ. ಅಷ್ಟು ವರ್ಷದ ಕೆಲಸ ನೀರಿಗೆ ಹಾಕಿದಂತೆ. "ಮಂಡಳಿಯವರಿಗೆ ದಸರಾ ಆದ ಮ್ಯಾಲೆ ಬರ್ರಿ ಅಂತ ಹೇಳ್ರಿ ಸರ್," ಎಂದೆ ನಾನು. "ಇದನ್ನ ನಾ ಸರಿ ಮಾಡ್ತೀನಿ." ಮಾಡಬಲ್ಲೆನೆಂದು ನನಗೆ ಗೊತ್ತಿತ್ತು. ಹುದ್ದಾರ ಸರ್ ಗೊಣಗುತ್ತಲೇ ಫೋನ್ ಎತ್ತಿದರು.

ದಸರಾ ದಾಟುವವರೆಗೆ ಎರಡೂ ಕೋಣೆಯವರು ಒಂದೇ ಮೇಜಿಗೆ ಕೂತೆವು. ಕತ್ತಲೆಯ ಚಿತ್ರ, ಮಸುಕು ಚಿತ್ರ, ಕೈ ಅಡ್ಡ ಬಂದ ಚಿತ್ರ ತೋರಿಸಿ ಪ್ರಶ್ನೆ ಕೇಳಿದೆವು. ಎಲ್ಲಕ್ಕೂ ಒಂದೇ ಉತ್ತರ ಕಲಿಸಿದೆವು. ಜಗಳವೂ ಆಯಿತು, ಚಹಾವೂ ಆಯಿತು, ಪೆಟ್ಟಿಗೆಯೂ ಕಲಿಯಿತು. ಆ ಉತ್ತರಕ್ಕೆ ದನಿಯೊಂದೇ ಬಾಕಿ.

ವತ್ಸಲಾಬಾಯಿ ಮೈಕಿನ ಮುಂದೆ ಕೂತರು. "ಏನ್ ಹೇಳಬೇಕು?"

"ನನಗೆ ಕಾಣಿಸುತ್ತಿಲ್ಲ."

ಅವರ ಮುಖ ಬಿಗಿಯಾಯಿತು. "ಬ್ಯಾರೆ ಯಾರರ ಹೇಳಲಿ ಅದನ್ನ."

"ಉಳಿದ ಮಾತೆಲ್ಲ ನಿಮ್ಮವು, ಬಾಯಾರ. ಇದೊಂದನ್ನ ಬ್ಯಾರೆಯವರು ಹೇಳಿದರ, ನಿಮ್ಮ ಮಾತು ಯಾರು ನಂಬ್ತಾರ?"

ಅವರ ಕೈ ಮೈಕಿನ ಕಂಬಿಯನ್ನು ಮೇಲಿಂದ ಕೆಳಗೆ ಸವರಿತು. ಅವರು ಎದ್ದು ಹೋದರೆ ತಡೆಯುವ ಮನಸ್ಸೂ ನನಗಿರಲಿಲ್ಲ. ಆಮೇಲೆ ಅವರು ಸೆರಗು ಸರಿಪಡಿಸಿಕೊಂಡು, ವಾರ್ತೆ ಓದುವಾಗಿನಂತೆ ಬೆನ್ನು ನೆಟ್ಟಗೆ ಮಾಡಿ ಹೇಳಿದರು: "ನನಗೆ ಕಾಣಿಸುತ್ತಿಲ್ಲ." ದನಿ ನಡುಗಲಿಲ್ಲ. ಇನ್ನೊಮ್ಮೆ ಹೇಳಿಸುವ ಅಗತ್ಯ ಬೀಳಲಿಲ್ಲ.

ಮಂಡಳಿಯವರು ಬಂದ ದಿನ ಪೆಟ್ಟಿಗೆಯನ್ನು ಉರಿಯುವ ಒಲೆಯ ಮುಂದೆ ಹಿಡಿದು ನಿಂತವರು ವತ್ಸಲಾಬಾಯಿಯೇ. ಮುಚ್ಚಳ ಹಾಕಿಯೇ ಕೇಳಿದರು, ಒಲೆ ಆರಿದೆಯೇ ಎಂದು. "ನನಗೆ ಕಾಣಿಸುತ್ತಿಲ್ಲ," ಎಂದಿತು ಪೆಟ್ಟಿಗೆ. ಮುಚ್ಚಳ ತೆಗೆದು ಕೇಳಿದರು. "ಇಲ್ಲ, ಒಲೆ ಉರಿಯುತ್ತಿದೆ." ಮೊದಲು ಚಪ್ಪಾಳೆ ತಟ್ಟಿದವರು ಹುದ್ದಾರ ಸರ್, ಇದೆಲ್ಲ ತಮ್ಮದೇ ಉಪಾಯವೆಂಬಂತೆ. ಮೊದಲ ಪೆಟ್ಟಿಗೆ ವತ್ಸಲಾಬಾಯಿಯವರಿಗೇ ಎಂದು ಅಲ್ಲೇ ಸಾರಿದರು.

ಎಲ್ಲ ಮುಗಿದು ನಾನೂ ವತ್ಸಲಾಬಾಯಿಯೂ ಹೊರಗೆ ಬಂದೆವು. ಮೆಟ್ಟಿಲಿನ ಬಳಿ ಅವರು ಅಭ್ಯಾಸದಂತೆ ಗೋಡೆಗೆ ಕೈ ಹಚ್ಚಿದರು, ಮತ್ತೆ ತೆಗೆದರು. ಕಂಕುಳಲ್ಲಿದ್ದ ಪೆಟ್ಟಿಗೆಯಿಂದ ಕಪ್ಪು ಮುಚ್ಚಳ ದಾರದಲ್ಲಿ ತೂಗುತ್ತಿತ್ತು. ಗೋಡೆಯಿಂದ ತೆಗೆದ ಕೈಯನ್ನು ಅವರು ನನ್ನ ಕಡೆ ಚಾಚಿದರು.

"ಹಿಡಿಯವಾ," ಎಂದರು. "ನನಗ ಕಾಣಸಂಗಿಲ್ಲ."