ಖಂಡೇಪೂಜೆಗೆ ಬಂದ ಕಾರ್ಬೈನು

ಕೆಲಸ ಹೋದ ಮೇಲೆ ನನ್ನ ಗಂಡ ಅಮರೇಶ್ವರ ಬಂದೂಕಿನ ಹುಚ್ಚು ಹಚ್ಚಿಕೊಂಡರು ಎಂದರೆ ಕೇಳಿದವರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಅವರಿಗೆ ಬೇಕಾದದ್ದು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕುದುರೆ ಸವಾರರು ಹೆಗಲಿಗೆ ನೇತುಹಾಕಿಕೊಳ್ಳುತ್ತಿದ್ದ ಗಿಡ್ಡ ಬಂದೂಕು, ಕಾರ್ಬೈನು. ಅದರಲ್ಲೂ ಎಲ್ಲ ಕಾರ್ಬೈನೂ ಅಲ್ಲ. ಮೆಚ್ಚಿದ ಅಧಿಕಾರಿಗೆ ಕಾಣಿಕೆ ಕೊಡಲೆಂದೇ ಆಯ್ದ ವಾಲ್‌ನಟ್ ಮರ ಹಾಕಿ, ಲೋಹದ ಮೇಲೆ ಬಳ್ಳಿ ಕೆತ್ತಿ, ಬೆಳ್ಳಿ ತಗಡು ಕೂರಿಸಿ ಮಾಡಿದ ಅಪರೂಪದವು. ಅವನ್ನು ಕೊಳ್ಳುವ ತಾಕತ್ತು ನಮಗೆಲ್ಲಿ ಬರಬೇಕು? ಅವರು ಕೂಡಿಟ್ಟದ್ದು ಬರೀ ತಿಳಿವಳಿಕೆಯನ್ನು.

2008ರ ಅಕ್ಟೋಬರಿನವರೆಗೆ ಅವರು ದಿನಾ ರೈಲು ಹಿಡಿದು ನ್ಯೂಯಾರ್ಕಿಗೆ ಹೋಗುತ್ತಿದ್ದರು. ಮನೆಸಾಲಗಳ ದೊಡ್ಡ ದೊಡ್ಡ ಕಟ್ಟುಗಳಿಗೆ ‘ಉತ್ತಮ’ ಎಂದು ದರ್ಜೆ ಕೊಟ್ಟು ಸಹಿ ಹಾಕುವ ಕೆಲಸ. ಆ ಸಾಲಗಳ ಹಿಂದಿನ ಒಂದೇ ಒಂದು ಮನೆಯನ್ನೂ ಕಣ್ಣಾರೆ ಕಂಡವರಲ್ಲ. ಕಂಪನಿ ಮುಚ್ಚಿತು, ಇವರು ಪ್ಲೇನ್ಸ್‌ಬರೋದ ಮನೆಯಲ್ಲಿ ಕುಳಿತರು. ರೆಸ್ಯೂಮೆ ತಿದ್ದಲೆಂದು ಲೈಬ್ರರಿಗೆ ಹೋಗುತ್ತಿದ್ದವರು ಯುದ್ಧದ ಪುಸ್ತಕಗಳ ಕಪಾಟಿನ ಮುಂದೆ ಬೀಡುಬಿಟ್ಟರು. ಆಮೇಲೆ ಹಳೇ ಸಾಮಾನಿನ ಸಂತೆಗಳು, ಸಂಗ್ರಾಹಕರ ಸ್ನೇಹ. ಒಂದು ವರ್ಷ ತುಂಬುವುದರೊಳಗೆ ಜನ ಫೋನ್ ಮಾಡಿ ಇವರನ್ನೇ ಕೇಳತೊಡಗಿದ್ದರು. ಎಲ್ಲರ ಪ್ರಶ್ನೆಯೂ ಒಂದೇ: ಈ ಹೆಸರು ಯುದ್ಧದ ಕಾಲದಲ್ಲೇ ಕೆತ್ತಿದ್ದೋ, ಆಮೇಲೆ ಯಾರೋ ಬೆಲೆ ಏರಿಸಲು ಕೆತ್ತಿಸಿದ್ದೋ?

“ಈ ಸಲ ನಾನು ಕಣ್ಣಲ್ಲಿ ನೋಡಿದ್ದನ್ನ ಮಾತ್ರ ಹೇಳ್ತೀನಿ ರಾಜಿ,” ಎನ್ನುತ್ತಿದ್ದರು. ಕೆಲಸ ಹೋಗಿದ್ದಕ್ಕಿಂತ ಆ ಸಹಿಗಳೇ ಅವರನ್ನು ಹೆಚ್ಚು ತಿನ್ನುತ್ತಿದ್ದವು.

ಮರುವರ್ಷದ ಸೆಪ್ಟೆಂಬರಿನಲ್ಲಿ ಪಕ್ಕದ ಮನೆಯ ಟೋನಿ ಒಂದು ಕಾರ್ಬೈನು ತಂದುಕೊಟ್ಟರು. ಕ್ರ್ಯಾನ್‌ಬರಿಯ ಗೋದಾಮಿನಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ಮೇರಿ ಆನ್ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಕುದುರೆ, ಅಂದರೆ ಟ್ರಿಗರು, ಮುರಿದು ಎಂದೋ ಸಿಡಿಯುವುದನ್ನು ನಿಲ್ಲಿಸಿದ್ದ ಬಂದೂಕು ಅದು. ಗುಂಡು ಹಾರಿಸುವಾಗ ಕೆನ್ನೆ ಒತ್ತುವ ಜಾಗದಲ್ಲಿ ಕಪ್ಪಾದ ಬೆಳ್ಳಿ ತಗಡು. ಅದರ ಮೇಲೆ, ‘ಕ್ಯಾಪ್ಟನ್ ಹಾಲೊರನ್‌ಗೆ, ಅವನ ಹುಡುಗರಿಂದ.’

“ಮೇರಿ ಆನ್‌ಳ ಮುತ್ತಜ್ಜ,” ಎಂದರು ಟೋನಿ. “ಹಾಗಂತ ಅವಳು ಹೇಳುತ್ತಿದ್ದಳು. ಅವಳ ಅಪ್ಪ ಹರಾಜಿನಲ್ಲಿ ಬಂದೂಕು ತಂದು ಹೆಸರು ಗೀಚಿಸಿದ ಅಂತ ಅಣ್ಣಂದಿರು ಅಣಕಿಸುತ್ತಿದ್ದರು. ನಾನೂ ನಗುತ್ತಿದ್ದೆ. ತನ್ನ ಗೋರಿಕಲ್ಲಿನ ಮೇಲೆ ‘ಕ್ಯಾಪ್ಟನ್ ಹಾಲೊರನ್‌ನ ಮರಿಮೊಮ್ಮಗಳು’ ಅಂತ ಬರೆಸು ಅಂದಿದ್ದಳು. ಕಲ್ಲು ಕೆತ್ತುವವನು ಕಾಯ್ತಾ ಇದಾನೆ. ಕಲ್ಲಿನ ಮೇಲೆ ಸುಳ್ಳು ಬರೆಸಲಾರೆ, ಅಮರ್. ಅವಳ ಮಾತು ತೆಗೆದುಹಾಕಲೂ ಆಗ್ತಿಲ್ಲ.”

ಅಂದಿನಿಂದ ನಮ್ಮ ಊಟದ ಮೇಜು ಬಂದೂಕಿನ ಪಾಲಾಯಿತು. ಇವರು ಬಿಳಿ ಕೈಗವಸು ತೊಟ್ಟು, ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ಬಗ್ಗಿರುವುದು. ಯಾರೂ ಮುಟ್ಟಬಾರದು. ಹಳೆಯ ಆಯುಧವನ್ನು ಒರೆಸುವುದು, ತಿಕ್ಕುವುದು ಈ ವಿದ್ಯೆಯಲ್ಲಿ ಮಹಾಪಾಪವಂತೆ, ಕಪ್ಪು ಹೋದರೆ ವಯಸ್ಸೇ ಹೋದ ಹಾಗಂತೆ. ಊರಿಂದ ಆರು ತಿಂಗಳಿಗೆ ಬಂದಿದ್ದ ನಮ್ಮ ಅತ್ತೆ ನೋಡಿ ನೋಡಿ ನಕ್ಕರು.

“ನಮ್ಮ ಆಚೀ ಮನಿ ಆಚಾರ್ರ ಮಡಿ ಇದಕ್ಕಿಂತ ಅಗ್ಗ ಇತ್ತು.”

ನನಗೂ ಕುತೂಹಲ ಹತ್ತಿತು. ಅವರ ಹೆಗಲ ಮೇಲಿಂದ ಇಣುಕುತ್ತಿದ್ದೆ. ಮರ ಒಳ್ಳೆಯದು, ಬಳ್ಳಿಯ ಕೆತ್ತನೆ ಕಾರ್ಖಾನೆಯದೇ, ತಗಡೂ ಆ ಕಾಲದ್ದೇ. ಸಮಸ್ಯೆ ಇದ್ದದ್ದು ಹೆಸರಿನಲ್ಲಿ. ಅಕ್ಷರಗಳು ಸೊಟ್ಟ, ಒಂದು ದೊಡ್ಡದು ಒಂದು ಸಣ್ಣದು, ‘ಆರ್’ ಅಕ್ಷರದ ಬಾಲವಂತೂ ಚೇಳಿನ ಕೊಂಡಿಯಂತೆ ಮೇಲಕ್ಕೆ ಹೊರಳಿತ್ತು.

“ಇಷ್ಟು ಚಂದದ ಬಳ್ಳಿ ಕೆತ್ತಿದ ಕೈ ಇಂಥ ಅಕ್ಷರ ಕೆತ್ತಲ್ಲ,” ಎಂದರು ಕೊನೆಗೆ. “ಬಂದೂಕು ನಿಜ. ಹೆಸರು ಆಮೇಲಿನದು. ಅಣ್ಣಂದಿರು ಹೇಳಿದ್ದೇ ಸರಿ.”

“ಟೋನಿಗೆ ಹಾಗೇ ಹೇಳ್ತೀರಾ?”

“ಮತ್ತೆ ಹೇಗೆ ಹೇಳಲಿ?” ಭಾನುವಾರ ಸಂಜೆ ಬನ್ನಿ ಎಂದು ಟೋನಿಗೆ ಫೋನ್ ಮಾಡಿದರು. ಅವತ್ತೆಲ್ಲ ಮುಖ ಗಂಟು ಹಾಕಿಕೊಂಡೇ ಇದ್ದರು.

ಆ ಭಾನುವಾರ ಮಹಾನವಮಿ. ನಮ್ಮ ಮೈಸೂರು ಕಡೆ ಆಯುಧಪೂಜೆ ಎನ್ನುವುದನ್ನು ರಾಯಚೂರಿನ ನಮ್ಮ ಅತ್ತೆ ಖಂಡೇಪೂಜೆ ಎನ್ನುತ್ತಾರೆ. ಪ್ಲೇನ್ಸ್‌ಬರೋದಲ್ಲಿ ಖಂಡೆ, ಕತ್ತಿ ಎಲ್ಲಿ ಬಂತು? ಪ್ರತಿ ವರ್ಷ ಕಾರು, ಲ್ಯಾಪ್‌ಟಾಪು, ಒಂದು ಸ್ಕ್ರೂಡ್ರೈವರು, ಮುಗಿಯಿತು. ಇವರು ಬೆಳಗ್ಗೆಯೇ ಚೆಂಡು ಹೂವು, ನಿಂಬೆಹಣ್ಣು ತರಲು ಎಡಿಸನ್‌ನ ಇಂಡಿಯನ್ ಅಂಗಡಿಗೆ ಡ್ರೈವ್ ಮಾಡಿದರು. ನಾನು ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದೆ. ಇವರು ವಾಪಸು ಬಂದು ಗರಾಜಿನಲ್ಲಿ ಕೂಗಿದ ಕೂಗಿಗೆ ಕೈಯಲ್ಲಿದ್ದ ಹೋಳಿಗೆ ನೆಲಕ್ಕೆ ಬಿತ್ತು.

ಓಡಿಹೋಗಿ ನೋಡಿದರೆ ಚಾಪೆಯ ಮೇಲೆ ಸ್ಕ್ರೂಡ್ರೈವರು, ಸುತ್ತಿಗೆ, ನನ್ನ ಈಳಿಗೆಮಣೆ, ನಟ್ಟ ನಡುವೆ ಕಾರ್ಬೈನು. ತಗಡು ಕನ್ನಡಿಯಂತೆ ಹೊಳೆಯುತ್ತಿದೆ. ಅದರ ತುಂಬ ಕುಂಕುಮ. ಪಕ್ಕದಲ್ಲಿ ವಿಭೂತಿಯ ಗಟ್ಟಿ, ಒದ್ದೆ ಬಟ್ಟೆ.

“ಅವ್ವಾ, ಮುಟ್ಟಬ್ಯಾಡ ಅಂತ ಎಷ್ಟು ಸಲ ಹೇಳೀನಿ! ಅದು ನಮ್ಮದಲ್ಲ!”

“ಯಾಕ ಹಂಗ ಒದರ್ತಿ? ಮನ್ಯಾಗ ಖರೇ ಆಯುಧ ಇಟ್ಕೊಂಡು ಸ್ಕ್ರೂಡ್ರೈವರಿಗೆ ಪೂಜಿ ಮಾಡ್ಲೇನು? ಬೆಳ್ಳಿ ಕರ್ರಗಾಗಿತ್ತು. ಲಿಂಗದ ಬೆಳ್ಳಿ ಕರಡಿಗಿ ತಿಕ್ಕಿದಂಗ ವಿಭೂತಿಲೇ ತಿಕ್ಕೀನಿ. ಮೈಲಿಗಿ ಮ್ಯಾಲ ಕುಂಕುಮ ಹಚ್ಚತಾರೇನು?”

ಇವರ ಕಣ್ಣು ಕೆಂಪಾಗಿತ್ತು. ತಾಯಿಯ ಮುಂದೆ ಹಾಗೆ ದನಿ ಎತ್ತಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನನಗೂ ಸಿಟ್ಟು ಬಂತು, ಅತ್ತೆಯ ಮೇಲಲ್ಲ, ಇವರ ಮೇಲೆ. ಸುಳ್ಳು ಹೆಸರು ಎಂದು ತೀರ್ಮಾನಿಸಿದ ತಗಡಿಗಾಗಿ ಹೆತ್ತವಳನ್ನು ಬೈಯುವುದೇ? ಅಷ್ಟನ್ನೂ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಕುಂಕುಮ ಒರೆಸಲು ಹತ್ತಿ ಹಿಡಿದು ಬಗ್ಗಿದವರು, ಬಗ್ಗಿದ ಹಾಗೇ ನಿಂತುಬಿಟ್ಟರು.

“ರಾಜಿ, ಟಾರ್ಚ್ ತಾ.”

ತಂದುಕೊಟ್ಟೆ. ಓರೆಯಾಗಿ ಬೆಳಕು ಬಿಟ್ಟರು. ತಗಡಿನ ಅಂಚಿನುದ್ದಕ್ಕೂ, ಕಪ್ಪು ಮುಚ್ಚಿದ್ದರಿಂದ ನಾವು ಯಾರೂ ಕಂಡಿರದ ಸಣ್ಣ ಸಣ್ಣ ಗೀರುಗಳೊಳಗೆ ಕುಂಕುಮ ಇಳಿದು ಕೂತಿತ್ತು. ಕೆಂಪು ಅಕ್ಷರಗಳು. ಪಿ. ಡಾಯ್ಲ್. ಮೈಯರ್. ಜೆ. ರೈಲಿ. ಒಂದೊಂದು ಹೆಸರು ಒಂದೊಂದು ಕೈಯದು. ಅಕ್ಷರ ಬಾರದವನೊಬ್ಬ ಬರೀ ಅಡ್ಡಗೆರೆ ಹಾಕಿದ್ದ. ರೈಲಿಯ ‘ಆರ್’ ಅಕ್ಷರಕ್ಕೆ ಚೇಳಿನ ಕೊಂಡಿಯ ಬಾಲ.

“ಕ್ಯಾಪ್ಟನ್ ಹೆಸರು ಕೆತ್ತಿದವನು ಇವನೇ,” ಎಂದರು. “ಕಾರ್ಖಾನೆಯವನಲ್ಲ. ಅವನ ಕೈಕೆಳಗಿನ ಹುಡುಗರೇ ಚಾಕುವಿನಲ್ಲಿ ಕೆತ್ತಿದ್ದಾರೆ. ಅದಕ್ಕೇ ಸೊಟ್ಟ.”

“ಇದನ್ನೂ ಯಾರೋ ಆಮೇಲೆ ಗೀಚಿರಬಾರದಾ?” ನನ್ನ ಅನುಮಾನ ನನಗೆ.

“ಮೋಸ ಮಾಡೋನು ಕಾಣೋ ಹಾಗೆ ಗೀಚ್ತಾನೆ. ಇವು ಸವೆದುಹೋಗಿವೆ ನೋಡು, ಕೆನ್ನೆ ಒತ್ತುವ ಬದಿಯಲ್ಲಿ ಜಾಸ್ತಿ, ಆಚೆ ಬದಿಯಲ್ಲಿ ಕಮ್ಮಿ. ಹೆಸರು ಕೆತ್ತಿದ ಮೇಲೆ ವರ್ಷಗಟ್ಟಲೆ ಒಬ್ಬ ಮನುಷ್ಯ ಇಲ್ಲಿ ಕೆನ್ನೆ ಇಟ್ಟಿದ್ದಾನೆ.” ಅಲ್ಲೇ ಚಾಪೆಯ ಮೇಲೆ ಕುಳಿತರು. “ಅವ್ವ, ನಾ ಮುಟ್ಟದೇ ನೋಡಿ ತಪ್ಪು ಹೇಳ್ತಿದ್ದೆ.”

“ಮುಟ್ಟದೆ ಏನ್ ತಿಳೀತದಪಾ?” ಎಂದು ಅತ್ತೆ ಊದಿನಕಡ್ಡಿ ಹಚ್ಚಿದರು.

ಸಂಜೆ ಟೋನಿ ಬಂದಾಗ ಮುಖದಲ್ಲಿ ಕಳೆ ಇರಲಿಲ್ಲ. ಕೆಟ್ಟ ಸುದ್ದಿಗೆ ತಯಾರಾಗಿ ಬಂದಿದ್ದರು. ತಗಡನ್ನು ತಿಕ್ಕಿ ಹೊಳೆಯಿಸಿದ್ದಕ್ಕೆ ಇವರು ಮೊದಲು ಕ್ಷಮೆ ಕೇಳಿದರು. ಆಮೇಲೆ ಭೂತಗನ್ನಡಿ ಕೊಟ್ಟು, ಪ್ರತಿ ಹೆಸರಿನ ಮೇಲೂ ಬೆರಳು ತೋರಿಸಿ ಎಲ್ಲವನ್ನೂ ಹೇಳಿದರು. ಟೋನಿ ಬಗ್ಗಿ ಒಂದೊಂದೇ ಹೆಸರು ಓದಿದರು.

“ನಲವತ್ತು ವರ್ಷ ನಕ್ಕೆ,” ಎಂದರು. “ಅವಳ ಎದುರೇ. ಒಂದು ದಿನವೂ ಅವಳು ಮಾತು ಬದಲಿಸಲಿಲ್ಲ.”

ಇವರು ಹತ್ತಿಯಿಂದ ಕುಂಕುಮ ಒರೆಸಲು ಹೋದರೆ ಟೋನಿ ಕೈ ಹಿಡಿದರು. ಬೇಡ, ಇರಲಿ ಎಂದರು. ಅತ್ತೆ ಕೊಟ್ಟ ಹೋಳಿಗೆಯ ಡಬ್ಬಿಯನ್ನು ಕಾರ್ಬೈನಿನ ಜೊತೆಗೇ ಎದೆಗೆ ಅವಚಿಕೊಂಡು ಮನೆಗೆ ಹೋದರು. ಅವತ್ತು ಇವರಿಗೆ ತಿಂಗಳುಗಳ ನಂತರ ಒಳ್ಳೆಯ ನಿದ್ದೆ ಬಂತು.

ಅತ್ತೆ ಊರಿಗೆ ಹೊರಡುವ ಮುನ್ನ, ನವೆಂಬರಿನ ಚಳಿಯಲ್ಲಿ, ಟೋನಿ ನಮ್ಮನ್ನು ಕ್ರ್ಯಾನ್‌ಬರಿಯ ಸ್ಮಶಾನಕ್ಕೆ ಕರೆದೊಯ್ದರು. ಕಲ್ಲು ನಿಂತಿತ್ತು. ಮೇರಿ ಆನ್ ಹೆಸರಿನ ಕೆಳಗೆ ಅವರು ಬಯಸಿದ ಸಾಲು, ನೇರವಾದ ಚೆಂದದ ಅಕ್ಷರಗಳಲ್ಲಿ. ಕಲ್ಲಿನ ಕೆಳ ಅಂಚಿನಲ್ಲಿ ಇನ್ನೇನೋ ಇತ್ತು. ಮೊಳೆಯಲ್ಲಿ ಗೀಚಿದ ನಾಲ್ಕು ಸೊಟ್ಟ ಇಂಗ್ಲಿಷ್ ಅಕ್ಷರ.

“ಏನದು ರಾಜಿ?” ಅತ್ತೆ ಕೇಳಿದರು.

“ಅವರ ಹೆಸರು, ಅತ್ತೆ. ಟೋನಿ ಅಂತ. ತಾವೇ ಗೀಚಿದ್ದಾರೆ.”

ಬೂದು ಕಲ್ಲಿನ ಮೇಲೆ ಅದು ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಅತ್ತೆ ಕೋಟಿನ ಜೇಬಿನಿಂದ ಕುಂಕುಮದ ಭರಣಿ ತೆಗೆದು ಟೋನಿಯ ಮುಖ ನೋಡಿದರು. ಟೋನಿ ತಲೆಯಾಡಿಸಿದರು. ಅತ್ತೆ ಕಷ್ಟಪಟ್ಟು ಮೊಣಕಾಲೂರಿ, ಉಂಗುರದ ಬೆರಳಿನಿಂದ ಒಂದೊಂದೇ ಅಕ್ಷರಕ್ಕೆ ಕುಂಕುಮ ಒತ್ತಿದರು.

ಟೋನಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು.

“ಈಗ ಕಾಣುತ್ತೆ ಮೇರಿ ಆನ್,” ಎಂದರು. “ನಾನೂ ಸಹಿ ಹಾಕಿದ್ದೀನಿ.”