ಮೂರು ಭಾನುವಾರದ ರಿಪೇರಿ

ಬಡಗಿಗೆ ಹೊಸ ಮನೆಯೇ ಬೇಕು, ಹೆಂಡತಿಗೆ ಹಳೆಯದೇ ಬೇಕು. ಬಾಡಿಗೆ ಮನೆಯ ಮಾಲೀಕರು ಖಾಲಿ ಮಾಡಲು ಎರಡು ತಿಂಗಳ ಗಡುವು ಕೊಟ್ಟಾಗಿತ್ತು. ಗಂಡ ಹೆಂಡಿರ ವಾದಕ್ಕೆ ಮಾತ್ರ ಗಡುವು ಕೊಡುವವರು ಯಾರೂ ಇರಲಿಲ್ಲ.

"ಹಳೇ ಮನೆ ಅಂದ್ರೆ ಇನ್ನೊಬ್ಬರ ತಲೆನೋವನ್ನ ಕಾಸು ಕೊಟ್ಟು ಹೊತ್ಕೊಂಡು ಬರೋದು ಕಣೇ," ಎಂದು ಅವನ ವರಾತ. ಇಪ್ಪತ್ತೆರಡು ವರ್ಷ ಕಂಡವರ ಬಾಗಿಲು ರಿಪೇರಿ ಮಾಡಿದವನು. ಸ್ವಂತ ಮನೆಯಲ್ಲಾದರೂ ಉಳಿ ಮುಟ್ಟದೆ ಕಾಲು ಚಾಚಿ ಕೂರಬೇಕೆಂಬ ಆಸೆ, ಪಾಪ.

ಸರಿ, ಮೊದಲು ಊರಾಚೆಯ ಹೊಸ ಬಡಾವಣೆಗೆ ಹೋದರು. ಹೆಂಡತಿ ಕೆಲಸ ಮಾಡುವ ಔಷಧಿ ಅಂಗಡಿಗೆ ಅಲ್ಲಿಂದ ಒಂದೂವರೆ ಗಂಟೆಯ ದಾರಿ. ಟೈ ಕಟ್ಟಿದ ಮಾರಾಟದವನು ಮಾದರಿ ಮನೆ ತೋರಿಸಿದ. ಬಡಗಿ ಬಾಗಿಲಿಗೆ ಬೆರಳ ಗೆಣ್ಣಿನಿಂದ ಬಡಿದ. ಟೊಳ್ಳು.

"ಒಳಗೇನು ತುಂಬಿದ್ದೀರಪ್ಪಾ?"

"ಹಗುರ ಇರಲಿ ಅಂತ ಖಾಲಿ ಬಿಟ್ಟಿದೀವಿ ಸರ್. ಈಗೆಲ್ಲ ಹೀಗೇ."

ಬಡಗಿಯ ಮುಖ ಹುಣಸೆಹಣ್ಣು ಚೀಪಿದಂತಾಯಿತು. ಆದರೂ ಸೋಲೊಪ್ಪುವ ಆಸಾಮಿಯೇ? "ಏನೇ ಆಗ್ಲಿ, ಹೊಸದು ಹೊಸದೇ," ಎಂದ.

ಆಮೇಲೆ ಬಂದ ಭಾನುವಾರ ಹೆಂಡತಿ ಅವನನ್ನು ಒಂದು ಹಳೆಯ ಮನೆಗೆ ಎಳೆದುಕೊಂಡು ಹೋದಳು. ಔಷಧಿ ಅಂಗಡಿಯಿಂದ ನಾಲ್ಕೇ ಬೀದಿ. ನಿವೃತ್ತ ಟೀಚರೊಬ್ಬರ ಮನೆ.

"ಬಾಗಿಲು ಹಾಕೋಕೆ ಇಬ್ಬರು ಬೇಕು, ಮಹಡಿ ಹತ್ತೋಕೆ ಗುಂಡಿಗೆ ಬೇಕು," ಎಂದರು ಟೀಚರು, ಮುಚ್ಚುಮರೆಯಿಲ್ಲದೆ. "ನನ್ನ ಕೈಲಾಗಲ್ಲ, ತಂಗಿ ಮನೆಗೆ ಹೋಗ್ತೀನಿ. ಇವತ್ತು ಅಡ್ವಾನ್ಸ್ ಕೊಟ್ರೆ ಇವತ್ತೇ ನಿಮ್ಮದು."

ಹೆಂಡತಿ ಅಡುಗೆಮನೆಯ ದೊಡ್ಡ ಕಿಟಕಿಯ ಮುಂದೆ ನಿಂತವಳು ಅಲ್ಲಿಂದ ಕದಲಲಿಲ್ಲ. "ರೀ, ಏನಂತೀರಿ?"

ಬಡಗಿ ಮುಂಬಾಗಿಲಲ್ಲಿದ್ದ. ಗಟ್ಟಿ ಮರ, ಒಂದೇ ಹಲಗೆ, ಈಗೆಲ್ಲಿ ಸಿಗಬೇಕು? ಮೇಲಿನ ಕೀಲಿನ ಸ್ಕ್ರೂ ಸಡಿಲವಾಗಿ ಬಾಗಿಲು ಜೋತಿತ್ತು, ಅಷ್ಟೇ. ಅವನ ಕೈ ತುರಿಸತೊಡಗಿತು. ಅಂಗಿ ಜೇಬಿನಲ್ಲಿ ಬೇರೇನಿಲ್ಲದಿದ್ದರೂ ಸ್ಕ್ರೂಡ್ರೈವರ್ ಇರುತ್ತದೆ. ಐದು ನಿಮಿಷ, ಬಾಗಿಲು ಸದ್ದಿಲ್ಲದೆ ಬಂದು ಚೌಕಟ್ಟಿನಲ್ಲಿ ಕೂತಿತು.

"ಹೊಸದೇ ವಾಸಿ," ಎಂದ, ಬಾಗಿಲನ್ನು ಸವರುತ್ತಾ.

ಆ ಮನೆಯ ಎರಡನೆಯ ಭಾನುವಾರ, "ಸುಮ್ನೆ ಇನ್ನೊಂದ್ಸಲ ನೋಡ್ಕೊಂಡು ಬರೋಣ" ಎಂದು ಹೆಂಡತಿ ಗೋಗರೆದಳು. ಸುಮ್ಮನೆ ನೋಡಲು ಹೊರಟವನ ಚೀಲದಲ್ಲಿ ಮರ ಹೆರೆಯುವ ಕೀಸುಳಿ ಯಾಕಿತ್ತೋ ಅವನನ್ನೇ ಕೇಳಬೇಕು. ಸಂಜೆಯೊಳಗೆ ಆರು ಕಿಟಕಿಗಳೂ ಹೇಳಿದ ಮಾತು ಕೇಳತೊಡಗಿದವು. "ಹೊಸದೇ ವಾಸಿ," ಎಂದ, ಮೈಮೇಲಿನ ಮರದ ಹೊಟ್ಟು ಕೊಡವಿಕೊಳ್ಳುತ್ತಾ.

ಮೂರನೆಯ ಭಾನುವಾರ ಅವಳು ತಲೆ ಬಾಚುವ ಮೊದಲೇ ಅವನು ಉಪಕರಣದ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವತ್ತು ಅಲುಗಾಡಿ ಕಿರುಗುಟ್ಟುವ ಮಹಡಿಯ ಮರದ ಮೆಟ್ಟಿಲುಗಳ ಸರದಿ. ಕೆಳಗೆ ತೂರಿ, ಬೆಣೆ ಹೊಡೆದು, ಅಂಟು ಹಾಕಿ, ಹದಿನಾಲ್ಕು ಮೆಟ್ಟಿಲುಗಳ ಬಾಯಿಯನ್ನೂ ಮುಚ್ಚಿಸಿದ.

ಮಂಗಳವಾರ ಬೆಳಗ್ಗೆ ಹಲ್ಲುಜ್ಜುತ್ತಾ, "ಟೀಚರ್ ಮನೇನೇ ತಗೊಳ್ಳೋಣ ಬಿಡು, ನಿನ್ನ ಕಾಟ ತಡೆಯೋಕಾಗಲ್ಲ," ಎಂದ. ಹೆಂಡತಿ ತಕ್ಷಣ ಅಂಗಡಿಗೆ ರಜೆ ಹೇಳಿ, ಅಡ್ವಾನ್ಸ್ ಹಣ ತೆಗೆದುಕೊಂಡು, ಅವನನ್ನೂ ಹೊರಡಿಸಿಕೊಂಡು ಹೋದಳು. ಎಲ್ಲಿ ಮನಸ್ಸು ಬದಲಾಯಿಸುತ್ತಾನೋ ಎಂಬ ಭಯ ಅವಳಿಗೆ.

ಮನಸ್ಸು ಬದಲಾಗಿದ್ದುದು ಟೀಚರದ್ದು. ಎರಡೂ ಕೈಯಲ್ಲಿ ಪುಸ್ತಕದ ಕಟ್ಟು ಹಿಡಿದು, ಪಕ್ಕದ ಕಂಬಿ ಮುಟ್ಟದೆ, ಮೆಟ್ಟಿಲಿಳಿದು ಬಂದರು.

"ತಂಗಿಗೆ ಬರಲ್ಲ ಅಂತ ಫೋನ್ ಮಾಡ್ಬಿಟ್ಟೆ. ಅವಳ ಗಂಡನ ಗೊರಕೆ ಯಾರಿಗೆ ಬೇಕು? ಈಗ ಬಾಗಿಲು ಒಂದು ಬೆರಳಿಗೆ ಬರುತ್ತೆ. ಮೂರು ವರ್ಷದ ಮೇಲೆ ಮಹಡಿ ಹತ್ತಿದೀನಿ. ನಾನ್ಯಾಕೆ ಮಾರಲಿ? ನಿಮಗೆ ಪುಣ್ಯ ಬರ್ಲಿ, ಮೇಸ್ತ್ರಿ. ಕೂಲಿ ಎಷ್ಟು ಹೇಳಿ."

ಅಂಥ ಹೊತ್ತಿನಲ್ಲೂ ಬಡಗಿಗೆ ಮೆಟ್ಟಿಲು ಒಂದೂ ಸದ್ದು ಮಾಡಲಿಲ್ಲವೆಂದು ಒಳಗೊಳಗೇ ಹೆಮ್ಮೆಯಾಯಿತು. ಆಮೇಲೆ ಆ ಹೆಮ್ಮೆಗೆ ನಾಚಿಕೆಯೂ ಆಯಿತು. ಕೂಲಿ ಬೇಡವೆಂದು ಕೈ ಮುಗಿದು ಹೊರಗೆ ಬಂದ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಮೇಲೆ ಹೆಂಡತಿ ಬಾಯಿ ಬಿಟ್ಟಳು. "ನಮ್ಮ ಅಡುಗೆಮನೆ ಕಪಾಟಿನ ಬಾಗಿಲು ಮೂರು ವರ್ಷದಿಂದ ದಾರದಲ್ಲಿ ಕಟ್ಟಿದೆ. ಅದನ್ನ ಯಾಕೆ ಮುಟ್ಟಲಿಲ್ಲ ನೀವು?"

"ಅದು ಬಾಡಿಗೆ ಮನೆ ಕಣೇ. ನಮ್ಮದಲ್ವಲ್ಲ."

ಹೇಳಿ ಮುಗಿಸಿದ ಮೇಲೆ ಅವನಿಗೇ ತನ್ನ ಮಾತು ಅರ್ಥವಾಯಿತು. ಅವಳಿಗೂ ಆಯಿತು.

"ಟೀಚರ್ ಮನೆ ನಮ್ಮದು ಅಂತ ಯಾವಾಗ ಅನ್ಸಿತು?"

"ಮೊದಲನೇ ಭಾನುವಾರ. ಬಾಗಿಲು ಕೂತ್ಕೊಳ್ತಲ್ಲ, ಆಗ."

"ಅವತ್ತೇ ಹೂಂ ಅಂದಿದ್ರೆ ನಮ್ಮದಾಗಿರೋದು. ಒಂದು ಮಾತು ಹೇಳೋಕೆ ಏನಾಗಿತ್ರೀ ನಿಮಗೆ?"

ಬಡಗಿ ಜೇಬಿನ ಸ್ಕ್ರೂಡ್ರೈವರ್ ತೆಗೆದು, ಮತ್ತೆ ಒಳಗಿಟ್ಟ.

"ನೀನು ಗೆದ್ದುಬಿಡ್ತೀಯಲ್ಲ ಅಂತ," ಎಂದ.